ಏಳನೇ ಚೌಕಟ್ಟು

ಶಾಲೆಯ ಪಡಸಾಲೆಯ ಗೋಡೆಗೆ ಏಳು ಚೌಕಟ್ಟು. ಆರರೊಳಗೆ ಆರು ದೊಡ್ಡ ಮುಖ, ಏಳನೆಯದು ಖಾಲಿ. ಪ್ರತಿ ಸೋಮವಾರ ಬೆಳಗ್ಗೆ ಅವುಗಳ ಗಾಜು ಒರೆಸುವುದು ಫಿನಾಯಿಲಜ್ಜಿಯ ಕೆಲಸ. ಅದೂ ಕಕ್ಕಸು ತೊಳೆದ ಮೇಲಲ್ಲ, ತೊಳೆಯುವ ಮೊದಲು. ಶಾಲಾ ಮಂಡಳಿಯ ಅಧ್ಯಕ್ಷರು ತಾವೇ ನಿಂತು ಹಾಕಿಕೊಟ್ಟ ಕ್ರಮ ಅದು. ಕಕ್ಕಸು ತೊಳೆದ ಕೈ ತಮ್ಮ ಮುಖಕ್ಕೆ ತಾಗಬಾರದಂತೆ. ನಿನ್ನೆ ತೊಳೆದದ್ದೂ ಅದೇ ಕೈ, ಇಪ್ಪತ್ತಾರು ವರ್ಷದಿಂದ ತೊಳೆಯುತ್ತಿರುವುದೂ ಅದೇ ಕೈ ಎಂಬುದು ಅವರಿಗೆ ಹೊಳೆದಿರಲಿಲ್ಲ. ಅಜ್ಜಿಯೂ ನೆನಪಿಸಲು ಹೋಗಿರಲಿಲ್ಲ.

ಫಿನಾಯಿಲಜ್ಜಿ ಅಂತ ಹೆಸರಿಟ್ಟದ್ದು ಮಕ್ಕಳು. ಅವಳಿಗಿಂತ ಎರಡು ಮಾರು ಮುಂದೆ ಅವಳ ವಾಸನೆ ಬರುತ್ತಿತ್ತು. "ನಿಮ್ಮ ವಾಸನೆ ಮುಚ್ಚೋಕೆ ಕಣ್ರೋ ನಾನು ಈ ವಾಸನೆ ಹೊತ್ಕೊಂಡಿರೋದು" ಎಂದು ಬಕೆಟ್ಟು ಎತ್ತಿ ಹೆದರಿಸಿದರೆ ಮಕ್ಕಳು ಕಿರುಚಿಕೊಂಡು ಓಡುತ್ತಿದ್ದವು. ಮತ್ತೆ ಮರುದಿನ ಹಾಗೆ ಹೆದರಿಸಿಕೊಳ್ಳುವುದಕ್ಕೇ ಬರುತ್ತಿದ್ದವು.

ಪ್ರತಿ ಚೌಕಟ್ಟಿನಲ್ಲಿ ಫೋಟೋದ ಕೆಳಗೆ ಎರಡು ಸಾಲು ಅಚ್ಚು ಹಾಕಿಸಿದ್ದರು. ಒಂದು, ಹಿನ್ನೆಲೆ. ಇನ್ನೊಂದು, ಊರಿನ ನಂಟು. ಮೊದಲನೆಯ ಮುಖ ಅಧ್ಯಕ್ಷರದು, ಊರವರ ಬಾಯಲ್ಲಿ ಮರದ ಸಾಹುಕಾರರು. ಹಿನ್ನೆಲೆ: ಪ್ರತಿಷ್ಠಿತ ವರ್ತಕರ ಮನೆತನ. ಊರಿನ ನಂಟು: ಎಲ್ಲರಿಗೂ ಬೇಕಾದವರು. ಎರಡನೆಯವರು ಕಂಟ್ರಾಕ್ಟರು, ಸಾಹುಕಾರರ ಹೆಂಡತಿಯ ತಮ್ಮ. ಮೂರನೆಯವನು ಹಲ್ಲಿನ ಡಾಕ್ಟರ್, ಕಂಟ್ರಾಕ್ಟರ ಅಳಿಯ. ನಾಲ್ಕನೆಯವರು ಬಟ್ಟೆ ಅಂಗಡಿಯವರು, ಡಾಕ್ಟರ ಅಪ್ಪ, ಆದ್ದರಿಂದ ಕಂಟ್ರಾಕ್ಟರ ಬೀಗರು. ಐದನೆಯವರು ಅಚ್ಚುಕೂಟದ ಯಜಮಾನರು, ಬಟ್ಟೆ ಅಂಗಡಿಯವರ ಷಡ್ಡಕ. ಆರನೆಯವರು ಒಬ್ಬ ನಿವೃತ್ತ ಅಧಿಕಾರಿ, ಸಾಹುಕಾರರ ತಂಗಿಯ ಗಂಡ. ಈ ನಂಟು ಯಾವುದೂ ಚೌಕಟ್ಟಿನಲ್ಲಿ ಇರಲಿಲ್ಲ. ಅಲ್ಲಿದ್ದದ್ದೆಲ್ಲ ಸಮಾಜ ಸೇವೆ, ಶಿಕ್ಷಣ ಪ್ರೇಮ, ಸರಳ ಬದುಕು. ಒಬ್ಬರ ಮನೆಯ ಮದುವೆ ಊಟಕ್ಕೆ ಎಲೆ ಹಾಕಿದರೆ ಸಾಕು, ಮಂಡಳಿಯ ಸಭೆ ತಾನಾಗಿಯೇ ಸೇರುತ್ತಿತ್ತು.

ಖಾಲಿ ಇದ್ದದ್ದು ಪೋಷಕರ ಸ್ಥಾನ. ಮಕ್ಕಳ ಅಪ್ಪ ಅಮ್ಮ ಇಲ್ಲವೇ ಅವರನ್ನು ಸಾಕುವವರು ಯಾರಾದರೂ ಅಲ್ಲಿ ಕೂರಬಹುದು ಅಂತ ನಿಯಮ. ಹನ್ನೆರಡು ವರ್ಷದಿಂದ ಅಲ್ಲಿ ಕೂತವನು ಅದೇ ಅಧಿಕಾರಿಯ ಹಿರೀ ಮಗ. ಅವನ ಮಕ್ಕಳ ಓದು ಮುಗಿದು ಅವಧಿಯೂ ಮುಗಿದಿತ್ತು. ಈಗ ಕಿರೀ ಮಗ, ಸೋಡಾ ಕಾರ್ಖಾನೆಯವನು, ಬರಬೇಕಿತ್ತು. ಅವನು ಆಗಲೇ ಹೊಸ ಕೋಟು ಹೊಲಿಸಿ, ಚೌಕಟ್ಟಿನ ಅಳತೆಗೆ ಫೋಟೋ ಕೂಡ ತೆಗೆಸಿಟ್ಟಿದ್ದ.

ನಂಟು ಊರಿಗೇ ಗೊತ್ತಿತ್ತು. ಉಳಿದದ್ದೆಲ್ಲ ಅಜ್ಜಿಗೆ ಗೊತ್ತಿತ್ತು, ಯಾಕೆಂದರೆ ಅವಳಿಗೆ ಓದಲು ಬರುತ್ತಿತ್ತು. ಈ ಸಂಗತಿ ಮಾತ್ರ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಲಿಸಿದವಳು ಮೊಮ್ಮಗಳು. ಅವಳಮ್ಮ, ಅಂದರೆ ಅಜ್ಜಿಯ ಮಗಳು, ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆಯಲ್ಲಿ ಬೆಳಗಿನ ಪಾಳಿಗೆ ಐದಕ್ಕೇ ಹೊರಡುತ್ತಿದ್ದಳು. ಅಪ್ಪ ಯಾವತ್ತೋ ಕೈಕೊಟ್ಟು ಹೋಗಿದ್ದ. ಹೀಗಾಗಿ ಒಂದನೇ ಕ್ಲಾಸಿನ ಕೂಸು ಅಜ್ಜಿಯ ಸೆರಗು ಹಿಡಿದು ಬೆಳಗ್ಗೆ ಆರಕ್ಕೇ ಶಾಲೆಗೆ ಬರುತ್ತಿತ್ತು. ಅಜ್ಜಿ ಒರೆಸುವ ಮೊದಲು ಗಾಜಿನ ಧೂಳಿನ ಮೇಲೆ ಬೆರಳಾಡಿಸಿ "ಇದು ಅ, ಅಜ್ಜಿ. ಒರೆಸು ಈಗ" ಅನ್ನುತ್ತಿತ್ತು. ಅಜ್ಜಿ ಒರೆಸುತ್ತಿದ್ದಳು. "ಈಗ ನೀನು ಬರಿ." ಮರದ ಸಾಹುಕಾರರ ಹಣೆಯ ಮೇಲೆ ಅ, ಕಂಟ್ರಾಕ್ಟರ ಮೀಸೆಯ ಮೇಲೆ ಆ. ಎರಡು ವರ್ಷ ಕಳೆಯುವಷ್ಟರಲ್ಲಿ ಅಜ್ಜಿ ಚೌಕಟ್ಟು ಓದುತ್ತಿದ್ದಳು, ನೋಟಿಸು ಓದುತ್ತಿದ್ದಳು, ಗುಮಾಸ್ತನ ಮೇಜು ಒರೆಸುತ್ತ ಅಲ್ಲಿದ್ದ ಕಾಗದಗಳನ್ನೂ ಓದುತ್ತಿದ್ದಳು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೊಮ್ಮಗಳನ್ನು ಸೇರಿಸಿದ ದಿನ ಪೋಷಕರ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ್ದಳು. ಗುಮಾಸ್ತನ ಪಾಲಿಗೆ ಅವಳು ಅಂದಿನಿಂದ ಬರೀ ಹೆಬ್ಬೆಟ್ಟು.

ಆ ಕೂಸು ಈಗ ಏಳನೇ ಕ್ಲಾಸು. ಶಾಲೆಯೂ ಬೆಳೆದಿತ್ತು. ಎಂಟು ಕಕ್ಕಸು ಇಪ್ಪತ್ತಾಗಿತ್ತು. ತೊಳೆಯುವವಳು ಮಾತ್ರ ಒಬ್ಬಳೇ. ಬೆಳಗ್ಗೆ ಆರಕ್ಕೆ ಶುರುಮಾಡಿದರೆ ಮೊದಲ ಗಂಟೆ ಹೊಡೆಯುವ ಹೊತ್ತಿಗೆ ಹದಿನಾಲ್ಕು ಮುಗಿಯುತ್ತಿತ್ತು. ಉಳಿದ ಆರು ಹಾಗೇ ನಾರುತ್ತಿದ್ದವು. ಸೊಂಟ ಹಿಡಿದುಕೊಳ್ಳುತ್ತಿತ್ತು. ಉಗುರಿನ ಸಂದಿಗೆ ಆಸಿಡ್ ಇಳಿದು ಚರ್ಮ ಈರುಳ್ಳಿ ಸಿಪ್ಪೆಯ ಹಾಗೆ ಏಳುತ್ತಿತ್ತು. ಇನ್ನೊಬ್ಬಳನ್ನು ಕೊಡಿ ಅಂತ ಅಜ್ಜಿ ಮೂರು ವರ್ಷ ಕೇಳಿದಳು.

ಮಂಡಳಿ ಕೊನೆಗೂ ಮನಸ್ಸು ಮಾಡಿತು. ಆದರೆ ಇನ್ನೊಬ್ಬಳನ್ನು ಕೊಡಲಿಲ್ಲ. ಮಕ್ಕಳಿಗೆ ಶ್ರಮದ ಬೆಲೆ ತಿಳಿಯಲಿ ಅಂತ ಒಂದು ಸರದಿ ಪಟ್ಟಿ ಮಾಡಿ ನಲ್ಲಿಯ ಪಕ್ಕ ನೇತುಹಾಕಿತು. ವಾರಕ್ಕೆ ಇಬ್ಬರು, ಮೊದಲ ಪಿರಿಯಡ್ಡಿನಲ್ಲಿ ಕಕ್ಕಸು ತೊಳೆಯಬೇಕು. ಅಜ್ಜಿ ಪಟ್ಟಿ ಓದಿದಳು. ಇಪ್ಪತ್ತೆಂಟು ಹೆಸರು. ಇಪ್ಪತ್ತೆಂಟೂ ಚರಂಡಿ ಪಕ್ಕದ ಕೆಳಗಿನ ಓಣಿಯ ಮಕ್ಕಳದು. ಅಜ್ಜಿಯ ಮನೆಯೂ ಅದೇ ಓಣಿಯಲ್ಲಿ. ಮರದ ಸಾಹುಕಾರರ ಮೊಮ್ಮಗ ಅಜ್ಜಿಯ ಮೊಮ್ಮಗಳ ಕ್ಲಾಸಿನಲ್ಲೇ, ಅವಳ ಹಿಂದಿನ ಬೆಂಚಿನಲ್ಲೇ ಕೂರುತ್ತಿದ್ದ. ಅವನ ಹೆಸರಿಗೆ ಪಟ್ಟಿಯಲ್ಲಿ ಜಾಗ ಸಿಕ್ಕಿರಲಿಲ್ಲ.

ಮೂರನೇ ವಾರ ಮೊಮ್ಮಗಳ ಸರದಿ ಬಂತು.

ಅಜ್ಜಿ ನೀರು ಹೊತ್ತು ತಿರುಗಿದಾಗ ಹುಡುಗಿ ಐದನೇ ಕಕ್ಕಸಿನಲ್ಲಿ ಮೊಣಕಾಲೂರಿ ಕೂತಿದ್ದಳು. ಲಂಗ ಮೇಲೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಎರಡು ಸಲ ಉಜ್ಜಿ ಒಂದು ಸಲ ಓಕರಿಸುತ್ತಿದ್ದಳು. ಬಾಗಿಲಲ್ಲಿ ಮೂಗು ಹಿಡಿದು ನಿಂತಿದ್ದ ನಾಲ್ಕೈದು ಮಕ್ಕಳು "ಫಿನಾಯಿಲ್ ಮರಿ, ಫಿನಾಯಿಲ್ ಮರಿ" ಅಂತ ಹಾಡು ಕಟ್ಟಿದ್ದರು. ಅಜ್ಜಿಗೆ ಅಂದಿದ್ದರೆ ನಗುತ್ತಿದ್ದಳು. ಈ ಸಲ ನಗು ಬರಲಿಲ್ಲ. ಬಕೆಟ್ಟಿನ ನೀರು ಬಾಗಿಲ ಕಡೆ ಬೀಸಿ ಎರಚಿದಳು. ಮಕ್ಕಳು ಚದುರಿದವು.

"ಕೊಡು ಬ್ರಷ್ಷು."

"ಇನ್ನೂ ಎರಡಿದೆ ಅಜ್ಜಿ. ಮುಗಿಸದಿದ್ರೆ ಮೇಷ್ಟ್ರು ಒಳಗೆ ಬಿಡಲ್ಲ."

"ಕೊಡೇ ಇಲ್ಲಿ!"

ಮಧ್ಯಾಹ್ನ ಹುಡುಗಿ ಊಟದ ಡಬ್ಬಿ ತೆರೆಯಲಿಲ್ಲ. ಕೈ ಮೂಸಿ ನೋಡಿಕೊಂಡಳು, ಮತ್ತೆ ತೊಳೆದಳು, ಮತ್ತೆ ಮೂಸಿದಳು. ಬೆರಳ ತುದಿ ಕೆಂಪಗೆ ಸುಲಿದಿತ್ತು. ಮನೆಗೆ ಹೋಗುವಾಗ ಬಹಳ ತಣ್ಣಗೆ ಹೇಳಿದಳು, "ನಾನು ಇನ್ನು ಶಾಲೆಗೆ ಬರಲ್ಲ ಅಜ್ಜಿ. ಅಮ್ಮನ ಜೊತೆ ಬಟ್ಟೆ ಒಗೆಯೋಕೆ ಹೋಗ್ತೀನಿ. ಅಲ್ಲಿ ಸೋಪಾದ್ರೂ ಇರುತ್ತೆ."

ಇಪ್ಪತ್ತಾರು ವರ್ಷ ಅಜ್ಜಿ ಈ ಹೇಲು ಬಳಿದದ್ದು ಇದೊಂದು ಮಾತು ಕೇಳಬಾರದು ಅಂತಲೇ.

ಮರುದಿನವೇ ಸಾಹುಕಾರರ ಮರದ ಅಡ್ಡೆಗೆ ಹೋದಳು. ಗರಗಸದ ಸದ್ದಿನ ನಡುವೆ ಅವರು ದಿಮ್ಮಿ ಅಳೆಸುತ್ತಿದ್ದರು, ತಿರುಗಿ ನೋಡಲಿಲ್ಲ.

"ನಮ್ಮ ಮಕ್ಕಳ ಕೈಲಿ ಯಾಕೆ ತೊಳೆಸ್ತೀರಿ ಸಾಹುಕಾರ್ರೆ?"

"ನಿಮ್ಮವರಿಗೆ ರೂಢಿ ಇರುತ್ತೆ. ಬೇರೆ ಮಕ್ಕಳಿಗೆ ಹೇಳಿದ್ರೆ ಮನೆಯವರು ಜಗಳಕ್ಕೆ ಬರ್ತಾರೆ."

"ನಾನೂ ಜಗಳಕ್ಕೇ ಬಂದಿರೋದು."

ಸಾಹುಕಾರರು ಆಗ ತಿರುಗಿ ನೋಡಿದರು, ಹೊಟ್ಟೆ ಕುಲುಕುವಂತೆ ನಕ್ಕರು. ಗರಗಸದವರೂ ನಕ್ಕರು. "ಮಂಡಳಿ ಮಾಡಿದ್ದು ಅದು. ಮಂಡಳಿ ವಿಷಯ ಮಂಡಳಿಯಲ್ಲಿ ಇರೋರು ಮಾತಾಡ್ಬೇಕು, ನೀನಲ್ಲ. ಹೋಗು, ಕೆಲಸ ನೋಡು."

ಅಜ್ಜಿ ಹೋದಳು. ಆ ಮಾತು ಮಾತ್ರ ಹಲ್ಲಿನ ಸಂದಿಯ ನಾರಿನ ಹಾಗೆ ಸಿಕ್ಕಿಕೊಂಡಿತು. ಮಂಡಳಿಯಲ್ಲಿ ಇರೋರು ಮಾತಾಡ್ಬೇಕು. ಸರಿ ಹಾಗಾದರೆ.

ಆ ಶನಿವಾರ ಗುಮಾಸ್ತ ಅವಳನ್ನು ಕರೆದು ಒಂದು ನೋಟಿಸು, ಒಂದು ಬಟ್ಟಲು ಅಂಟು ಕೊಟ್ಟ. "ಮಾಮೂಲಿ ಜಾಗ" ಅಂದ.

ಮಾಮೂಲಿ ಜಾಗ ಅಂದರೆ ಪೊರಕೆ ಕೋಣೆಯ ಬಾಗಿಲ ಒಳಭಾಗ. ಪೋಷಕರ ಸ್ಥಾನ ಖಾಲಿಯಾದಾಗ ಏಳು ದಿನ ನೋಟಿಸು ಹಾಕಬೇಕು ಅಂತ ಮೇಲಿನ ಕಚೇರಿಯ ಕಟ್ಟಳೆ. ಹಾಕಿದರೆ ಊರವರು ಓದುತ್ತಾರೆ, ಓದಿದರೆ ನಾಮಪತ್ರ ಕೊಡುತ್ತಾರೆ. ಅದಕ್ಕೆ ಮಂಡಳಿಯವರು ಕಂಡುಕೊಂಡ ಉಪಾಯ ಇದು. ಪೊರಕೆ, ಬಕೆಟ್ಟು, ಫಿನಾಯಿಲು ಇಡುವ ಆ ಗೂಡಿಗೆ ಅಜ್ಜಿ ಬಿಟ್ಟರೆ ಇಲಿ ಮಾತ್ರ ಹೋಗುತ್ತಿತ್ತು. ಇಬ್ಬರಿಗೂ ಓದು ಬಾರದು ಅಂತ ಅವರ ಲೆಕ್ಕ. ಏಳು ದಿನ ಕಳೆದ ಮೇಲೆ "ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ನೋಟಿಸು ಪ್ರಕಟಿಸಲಾಗಿದೆ" ಅಂತ ಅಧ್ಯಕ್ಷರು ಸಹಿ ಹಾಕುವರು. ಅವರ ಕಡೆಯವನ ನಾಮಪತ್ರ ಸಾವಕಾಶವಾಗಿ ಮುಂದಿನ ವಾರ ಬರುವುದು. ಗುಮಾಸ್ತ ಮೊಹರಿನ ತಾರೀಖು ಹಿಂದಕ್ಕೆ ತಿರುಗಿಸುವನು.

ಅಜ್ಜಿ ಬಾಗಿಲು ಒಳಗಿನಿಂದ ಎಳೆದುಕೊಂಡು ನೋಟಿಸು ಅಂಟಿಸಿದಳು. ಕಿಂಡಿಯ ಬೆಳಕಿನಲ್ಲಿ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು, ಬಾಯಿಗೆ ಸೆರಗು ತುರುಕಿಕೊಂಡು ನಕ್ಕಳು. ಊರಿಗೆಲ್ಲ ಮುಚ್ಚಿಟ್ಟ ಕಾಗದವನ್ನು ಅವಳೊಬ್ಬಳ ಮೂಗಿನ ಮುಂದೆ ಅಂಟಿಸಿದ್ದರು. ಅದೂ ಅವಳ ಕೈಯಿಂದಲೇ.

ನಾಮಪತ್ರದ ಹಾಳೆಗೂ ಪರದಾಡಬೇಕಿರಲಿಲ್ಲ. ನೂರು ಹಾಳೆ ಅಚ್ಚು ಹಾಕಿಸಿ, ಒಂದನ್ನು ಬಳಸಿ, ಉಳಿದದ್ದನ್ನು ಗಾಜು ಒರೆಸಲು ಅವಳಿಗೇ ಕೊಡುತ್ತಿದ್ದರು. ಹನ್ನೆರಡು ವರ್ಷದಿಂದ ಅವಳು ಮಂಡಳಿಯ ಮುಖ ಒರೆಸಿದ್ದು ಪೋಷಕರ ನಾಮಪತ್ರಗಳಿಂದ. ಕಟ್ಟಿನ ನಡುವಿನಿಂದ ಮಡಿಕೆ ಇಲ್ಲದ ಒಂದು ಹಾಳೆ ಎಳೆದು ಕುಪ್ಪಸದೊಳಗೆ ಇಟ್ಟುಕೊಂಡಳು.

ಮರುದಿನ ಭಾನುವಾರ ಮನೆಯ ಹೊಸ್ತಿಲಲ್ಲಿ ಕೂತು ಅಜ್ಜಿ ಹೇಳಿದಳು, ಮೊಮ್ಮಗಳು ಬರೆದಳು. ಶಾಲೆ ಬಿಡುತ್ತೇನೆ ಅಂದವಳ ಕಣ್ಣಿನಲ್ಲಿ ಆರು ದಿನದ ಮೇಲೆ ಮೊದಲ ಸಲ ಬೆಳಕು ಕಂಡಿತು.

"ಶಾಲೆಯ ನೌಕರರೇ? ಹೌದು, ಅಲ್ಲ. ಒಂದಕ್ಕೆ ಗುರುತು ಹಾಕ್ಬೇಕು. ನೌಕರರು ನಿಲ್ಲೋ ಹಾಗಿಲ್ವಂತೆ ಅಜ್ಜಿ!"

"ಅಲ್ಲ ಅಂತ ಹಾಕು."

"ಸುಳ್ಳಲ್ವಾ?"

"ನನ್ನ ಸುಳ್ಳಲ್ಲ, ಅವರದ್ದು. ವರ್ಷ ವರ್ಷ ಕಾಯಂ ಕಾಗದ ಕೊಡಿ ಅಂತ ಕೇಳ್ದಾಗೆಲ್ಲ ಬರೆದು ತೋರಿಸ್ತಾರೆ, ಇವಳು ನೌಕರಳಲ್ಲ, ದಿನಗೂಲಿ ಅಂತ. ಇಪ್ಪತ್ತಾರು ವರ್ಷದಿಂದ ನಾನು ಆ ಶಾಲೇಲಿ ಇಲ್ವೇ ಇಲ್ಲ ಕಣೆ. ಹಾಕು, ಅಲ್ಲ."

ಮುಂದಿನದು ಹಿನ್ನೆಲೆ, ಊರಿನ ನಂಟು. ಹುಡುಗಿ ಪೆನ್ನು ಕಚ್ಚಿ ಕೂತಳು. ಅಜ್ಜಿ ಬಹಳ ಹೊತ್ತು ಯೋಚಿಸಿ ಎರಡು ಸಾಲು ಹೇಳಿದಳು. ಹುಡುಗಿ ಬರೆದು, ಓದಿ, ಬಿದ್ದು ಬಿದ್ದು ನಕ್ಕಳು. ಕೊನೆಗೆ ಸಹಿ. ಅಜ್ಜಿ ನಾಲಿಗೆ ಹೊರಚಾಚಿ ಒಂದೊಂದೇ ಅಕ್ಷರ ಕೂಡಿಸಿದಳು. ಹೆಬ್ಬೆಟ್ಟು ಸುಮ್ಮನೆ ಪಕ್ಕದಲ್ಲಿತ್ತು.

ಗಡುವು ಶನಿವಾರ ನಾಲ್ಕು ಗಂಟೆ. ಆ ಹೊತ್ತಿಗೆ ಗುಮಾಸ್ತ ವಾರದ ಕಾಗದಕ್ಕೆಲ್ಲ ಮೊಹರು ಒತ್ತಿ ಮೇಲಿನ ಕಚೇರಿಯ ಚೀಲಕ್ಕೆ ತುಂಬುವನು, ಅಜ್ಜಿ ಚೀಲ ಹೊತ್ತು ಅಂಚೆಗೆ ಕೊಡುವಳು. ಮೊಹರು ಒತ್ತುವಾಗ ಅವನ ಕಣ್ಣು ಕಾಗದದ ಮೇಲಿರುತ್ತಿರಲಿಲ್ಲ. ನಾಲ್ಕೂಕಾಲಿನ ಬಸ್ಸಿನ ಮೇಲಿರುತ್ತಿತ್ತು. ಅಜ್ಜಿ ಮೇಜು ಒರೆಸುವ ನೆಪದಲ್ಲಿ ಬಂದು ತನ್ನ ಹಾಳೆಯನ್ನು ಕಟ್ಟಿನ ಮೇಲಿಟ್ಟಳು. ದಪ್. ಅದರ ಕೆಳಗೇ ಅಧ್ಯಕ್ಷರ ಸಹಿ ಇದ್ದ, ಎಲ್ಲರ ಕಣ್ಣಿಗೆ ಬೀಳುವ ಜಾಗದ ಪ್ರಮಾಣಪತ್ರ. ದಪ್. ಎರಡೂ ಜೋಡಿಯಾಗಿ ಚೀಲ ಸೇರಿದವು.

"ಬೇಗ ಹೋಗು ಅಜ್ಜಿ, ಅಂಚೆಯವನು ಬಾಗಿಲು ಹಾಕ್ತಾನೆ" ಅಂದ ಗುಮಾಸ್ತ.

"ಇಗೋ, ಓಡ್ತೀನಪ್ಪ" ಅಂದಳು ಅಜ್ಜಿ. ನಿಜವಾಗಿಯೂ ಓಡಿದಳು.

ಹತ್ತು ದಿನಕ್ಕೆ ಮೇಲಿನ ಕಚೇರಿಯ ಉತ್ತರ ಬಂತು. ನೋಟಿಸು ವಿಧಿವತ್ತಾಗಿ ಪ್ರಕಟವಾಗಿದೆ. ಗಡುವಿನ ವಾರದ ಚೀಲದಲ್ಲಿ ಒಂದೇ ನಾಮಪತ್ರ ಬಂದಿದೆ; ಮೊಹರು ಹಳೆಯದಾದರೂ ಮರುವಾರದ ಚೀಲದಲ್ಲಿ ಬಂದದ್ದು ತಿರಸ್ಕೃತ. ಅವರನ್ನು ಅವಿರೋಧವಾಗಿ ಆರಿಸಲಾಗಿದೆ. ಗುಮಾಸ್ತ ಹೆಸರು ಓದಿದ, ಕನ್ನಡಕ ಒರೆಸಿ ಮತ್ತೆ ಓದಿದ. ಆ ದಿನ ಅವನಿಗೆ ನಾಲ್ಕೂಕಾಲಿನ ಬಸ್ಸು ತಪ್ಪಿತು.

ಸಾಹುಕಾರರು ಹೆಡ್ ಮೇಷ್ಟ್ರ ಕೋಣೆಗೆ ಅಜ್ಜಿಯನ್ನು ಕರೆಸಿದರು. ಸೋಡಾ ಕಾರ್ಖಾನೆಯವನು ಕೋಟು ಹಾಕಿಕೊಂಡು ಮೂಲೆಯಲ್ಲಿ ಬೆವರುತ್ತಿದ್ದ.

"ಯಾರು ಬರೆಸಿದ್ದು ನಿನ್ನ ಕೈಲಿ ಇದನ್ನ?"

"ನೀವೇ. ನೋಟಿಸಲ್ಲಿ ಬರೆದಿದ್ರಲ್ಲ, ಪೋಷಕರು ಅರ್ಜಿ ಹಾಕಿ ಅಂತ."

"ಯಾರೂ ನೋಡದ ಜಾಗದಲ್ಲಿ ಇದ್ದ ನೋಟಿಸು ಲೆಕ್ಕಕ್ಕಿಲ್ಲ! ಇದನ್ನ ರದ್ದು ಮಾಡಿ ಅಂತ ಬರೀತೀನಿ."

ಗುಮಾಸ್ತ ಕೆಮ್ಮಿದ. "ಎಲ್ಲರಿಗೂ ಕಾಣೋ ಜಾಗ ಅಂತ ತಾವೇ ಸಹಿ ಮಾಡಿದ್ದೀರಿ. ಅದೂ ಚೀಲದಲ್ಲಿ ಹೋಗಿದೆ."

"ನೌಕರರು ನಿಲ್ಲೋ ಹಾಗಿಲ್ಲ."

ಗುಮಾಸ್ತ ಇನ್ನೊಮ್ಮೆ ಕೆಮ್ಮಿದ. "ಕಾಗದದ ಪ್ರಕಾರ ಇವಳು ನೌಕರಳಲ್ಲ. ಅದಕ್ಕೂ ತಮ್ಮದೇ ಸಹಿ."

ಸಾಹುಕಾರರ ಮುಖ ಹುಳಿ ತಿಂದಂತಾಯಿತು. ಆಮೇಲೆ ಮೇಜಿನ ಖಾನೆ ಎಳೆದು, ಗುಮಾಸ್ತನಿಂದ ಟೈಪು ಮಾಡಿಸಿ ಸಿದ್ಧವಾಗಿಟ್ಟಿದ್ದ ಹಾಳೆಯೊಂದನ್ನು ಅವಳ ಮುಂದೆ ತಳ್ಳಿದರು. ದನಿ ಜೇನಾಯಿತು.

"ನೋಡು, ಇದು ನಿನ್ನ ಕಾಯಂ ಕಾಗದ. ಇಪ್ಪತ್ತಾರು ವರ್ಷದ ಹಿಂದಿನಿಂದ ಲೆಕ್ಕ ಹಿಡಿದು ಕೊಡ್ತೀನಿ. ವಯಸ್ಸಾದ ಮೇಲೆ ಪಿಂಚಣಿ. ಮೊಮ್ಮಗಳ ಹೆಸರು ಪಟ್ಟಿಯಿಂದ ಇವತ್ತೇ ತೆಗೆಸ್ತೀನಿ. ನೀನು ನಾಮಪತ್ರ ವಾಪಸು ತಗೊಂಡೆ ಅಂತ ಒಂದು ಸಹಿ ಮಾಡು. ಹೆಬ್ಬೆಟ್ಟಾದ್ರೂ ಸಾಕು."

ಅಜ್ಜಿ ಹಾಳೆ ಎತ್ತಿಕೊಂಡು ನಿಧಾನವಾಗಿ ಓದಿದಳು. ಅವಳು ಓದುವುದನ್ನು ಅವರು ನೋಡಿದರು. ಅವಳ ಹೆಸರು, ಅದರ ಮುಂದೆ ನೌಕರರು ಎಂಬ ಮಾತು. ಇದಕ್ಕಾಗಿ ಅವಳು ಎಷ್ಟು ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತಿದ್ದಳು. ಒಂದು ಕ್ಷಣ, ಸುಳ್ಳು ಯಾಕೆ, ಬೇಕು ಅನ್ನಿಸಿತು. ಬಹಳ ಬೇಕು ಅನ್ನಿಸಿತು.

"ಪಟ್ಟೀಲಿ ಇಪ್ಪತ್ತೆಂಟು ಹೆಸರಿದೆ ಸಾಹುಕಾರ್ರೆ" ಅಂದಳು.

"ನಿನ್ನ ಮೊಮ್ಮಗಳದ್ದು ತೆಗೆಸ್ತೀನಿ ಅಂದ್ನಲ್ಲ."

"ಇಪ್ಪತ್ತೇಳು ಉಳೀತು."

"ಅದರ ಉಸಾಬರಿ ನಿನಗ್ಯಾಕೆ?"

"ನಿಮ್ಮ ಮಂಡಳೀಲಿ ಎಲ್ಲರೂ ಒಬ್ಬರಿಗೊಬ್ಬರು ನಂಟರು. ಅವರವರ ಉಸಾಬರಿ ಅವರವರು ನೋಡ್ಕೊತೀರಿ. ನನಗೂ ನಂಟರಿದಾರೆ, ಇಡೀ ಓಣಿ." ಹಾಳೆಯನ್ನು ಮಡಿಸದೆ, ಕೊಳೆ ಮಾಡದೆ, ಮೇಜಿನ ಮೇಲೆ ವಾಪಸು ಇಟ್ಟಳು. "ನಾನು ಸಹಿ ಮಾಡಲ್ಲ. ಹೆಬ್ಬೆಟ್ಟೂ ಒತ್ತಲ್ಲ. ಸಭೆ ಯಾವತ್ತು ಅಂತ ಗುಮಾಸ್ತರು ನೋಟಿಸು ಕೊಟ್ರೆ ಓದ್ಕೊತೀನಿ."

ಹೊರಗೆ ಬಂದವಳು ನಲ್ಲಿಯ ಕಟ್ಟೆಯ ಮೇಲೆ ಕೂತು ಸ್ವಲ್ಪ ಅತ್ತಳು. ಅಳು ಮುಗಿಸಿ ಉಳಿದ ಆರು ಕಕ್ಕಸು ತೊಳೆದಳು.

ಸಭೆ ಬುಧವಾರ ಮಧ್ಯಾಹ್ನ ಮೂರಕ್ಕೆ. ಓಣಿಗೆಲ್ಲ ಸುದ್ದಿ ಹಬ್ಬಿತ್ತು. ಅಜ್ಜಿ ಇಸ್ತ್ರಿ ಸೀರೆ ಉಟ್ಟು ಹೋದಳು, ಮಗಳ ಕಾರ್ಖಾನೆಯ ಇಸ್ತ್ರಿ, ಮಡಿಕೆ ಕತ್ತಿಯ ಹಾಗಿತ್ತು. ಮೇಜಿನ ಸುತ್ತ ಆರು ಜನ ಕೂತಿದ್ದರು. ಏಳನೇ ಕುರ್ಚಿಯ ಮೇಲೆ ಕಡತಗಳನ್ನು ಪೇರಿಸಿದ್ದರು.

"ಟೀ ಆಮೇಲೆ ತಾ" ಅಂದರು ಕಂಟ್ರಾಕ್ಟರು ಅಭ್ಯಾಸಬಲದಿಂದ.

ಅಜ್ಜಿ ಕಡತ ಎತ್ತಿ ಕಂಟ್ರಾಕ್ಟರ ಮುಂದಿಟ್ಟು ಕೂತಳು. ಈ ಮೇಜನ್ನು ಸಾವಿರ ಸಲ ಒರೆಸಿದ್ದಳು. ಕೂತು ನೋಡಿದರೆ ಅದು ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದಿತ್ತು.

ಹಲ್ಲಿನ ಡಾಕ್ಟರ್ ತುಟಿ ಓರೆ ಮಾಡಿದ. "ಮಂಡಳಿ ಅಂದ್ರೆ ಒಂದು ಹಿನ್ನೆಲೆ ಬೇಕು. ಊರಿನ ದೊಡ್ಡವರ ಜೊತೆ ನಂಟು ಬೇಕು. ನಿನಗೂ ನಮಗೂ ಏನು ನಂಟು?"

"ನಿಮಗೂ ನನಗಾ ಡಾಕ್ಟ್ರೆ?" ಅಜ್ಜಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅಕ್ಕರೆಯೇ ಇತ್ತು. "ನೀವು ಒಂದನೇ ಕ್ಲಾಸು, ನನ್ನ ಕೆಲಸದ ಮೊದಲ ವರ್ಷ. ಗಣಿತದ ಮೇಷ್ಟ್ರು ಗದರಿದಾಗೆಲ್ಲ ನಿಮಗೆ ಚಡ್ಡೀಲೇ ಆಗೋದು. ಎತ್ಕೊಂಡು ಹೋಗಿ ತೊಳೆದು, ಚಡ್ಡಿ ಒಗೆದು ಒಣಗಿಸಿ, ನನ್ನ ಸೆರಗು ಸುತ್ತಿ ಕೂರಿಸ್ತಿದ್ದೆ. ಯಾರಿಗೂ ಹೇಳ್ಬೇಡ ಅಂತಿದ್ರಿ. ಇಪ್ಪತ್ತಾರು ವರ್ಷ ಹೇಳಿಲ್ಲ. ನೀವೇ ಕೇಳಿದ್ರಿ ಅಂತ ಇವತ್ತು ಹೇಳ್ದೆ. ಇದಕ್ಕಿಂತ ಹತ್ತಿರದ ನಂಟು ಬೇಕಾ?"

ಡಾಕ್ಟರ ಮಾವ ಕಂಟ್ರಾಕ್ಟರು ಅಳಿಯನ ಕಡೆ ತಿರುಗಿ ನೋಡಿದರು. ಡಾಕ್ಟರ್ ಕಡತವೊಂದನ್ನು ಎಳೆದು ಮುಖಕ್ಕೆ ಅಡ್ಡ ಹಿಡಿದ.

"ನಿನ್ನ ವಿಷಯ ಏನು, ಬೇಗ ಹೇಳು" ಅಂದರು ಸಾಹುಕಾರರು.

"ಠರಾವು ಪುಸ್ತಕ ಕೊಡಿ."

ಪುಸ್ತಕ ಬಂತು. ಅಜ್ಜಿ ಹಾಳೆ ತಿರುವಿ, ಬೆರಳಿಟ್ಟು, ಎಲ್ಲರಿಗೂ ಕೇಳುವಂತೆ ಓದಿದಳು. "ಶ್ರಮದ ಘನತೆಯನ್ನು ಅರಿಯಲು ಶಾಲೆಯ ಎಲ್ಲ ಮಕ್ಕಳೂ, ಭೇದಭಾವವಿಲ್ಲದೆ, ಸರದಿಯಂತೆ ಶೌಚಾಲಯ ಸ್ವಚ್ಛಗೊಳಿಸತಕ್ಕದ್ದು." ಪುಸ್ತಕ ಮುಚ್ಚಿದಳು. "ಬಹಳ ಚೆನ್ನಾಗಿ ಬರೆದಿದ್ದೀರಿ. ಎಲ್ಲ ಮಕ್ಕಳೂ. ನಾನು ಬೇರೇನೂ ಕೇಳಲ್ಲ, ನೀವು ಬರೆದದ್ದು ನಡೀಲಿ. ನಮ್ಮ ಓಣಿಯವರು ಹನ್ನೆರಡು ಜನ ತೊಳೆದಾಯ್ತು. ನಾಳೆ ಬೆಳಗ್ಗೆ ಸಾಹುಕಾರ್ರ ಮೊಮ್ಮಗ, ಆಮೇಲೆ ಬಟ್ಟೆ ಅಂಗಡಿಯವರ ಮೊಮ್ಮಗಳು, ಆಮೇಲೆ ಅಚ್ಚುಕೂಟದವರ ಅವಳಿ ಮಕ್ಕಳು. ಬ್ರಷ್ಷು ತೊಳೆದಿಟ್ಟಿದ್ದೀನಿ. ಹೇಗೆ ಉಜ್ಜಬೇಕು ಅಂತ ನಾನೇ ನಿಂತು ಹೇಳ್ಕೊಡ್ತೀನಿ. ಇಲ್ಲ ಅಂದ್ರೆ ಬರೆದದ್ದೊಂದು ಮಾಡಿದ್ದೊಂದು ಅಂತ ಮೇಲಿನ ಕಚೇರಿಗೆ ಬರೀತೀನಿ. ಅಂಚೆ ದಾರಿ ನನಗೆ ಗೊತ್ತು."

ಎಲ್ಲರೂ ಒಟ್ಟಿಗೆ ಮಾತಾಡಿದರು. ಬಟ್ಟೆ ಅಂಗಡಿಯವರ ಮೊಮ್ಮಗಳಿಗೆ ಉಬ್ಬಸವಂತೆ. ಅವಳಿಗಳಿಗೆ ಅಲರ್ಜಿಯಂತೆ. ಚಿಕ್ಕ ಮಕ್ಕಳ ಕೈಯಲ್ಲಿ ಆಸಿಡ್ ಕೊಡುವುದು ಅಮಾನುಷ ಅಂತ ನಿವೃತ್ತ ಅಧಿಕಾರಿಗಳಿಗೆ ಹಠಾತ್ತನೆ ಹೊಳೆಯಿತು. ಠರಾವು ರದ್ದು ಮಾಡೋಣ ಅಂದರು ಸಾಹುಕಾರರು, ಯಾರ ಮುಖವನ್ನೂ ನೋಡದೆ. ಆರು ಕೈ ಒಟ್ಟಿಗೆ ಮೇಲೆದ್ದವು. ಅಜ್ಜಿ ಕೈ ಎತ್ತುವ ಅಗತ್ಯವೇ ಬೀಳಲಿಲ್ಲ. ಆದರೂ ಎತ್ತಿದಳು. ಮೊದಲನೇ ಸಲವಲ್ಲವೇ!

"ಮತ್ತೆ ತೊಳೆಯೋರು ಯಾರು?" ಕೇಳಿದರು ಅಚ್ಚುಕೂಟದವರು.

"ಇನ್ಯಾರು, ಇವಳೇ" ಅಂದರು ಸಾಹುಕಾರರು.

ಅಜ್ಜಿ ಸೊಂಟದಿಂದ ಪೊರಕೆ ಕೋಣೆಯ ಬೀಗದ ಕೈ ಬಿಚ್ಚಿ ಮೇಜಿನ ನಡುವೆ ಇಟ್ಟಳು. "ಕಾಗದದಲ್ಲಿ ನಾನು ಇಲ್ಲ. ಇಲ್ಲದವಳು ನಾಳೆಯಿಂದ ಬರಲ್ಲ. ಇಪ್ಪತ್ತು ಕಕ್ಕಸಿಗೆ ಇಬ್ಬರು ಬೇಕು. ಕಾಗದ ಕೊಟ್ಟು, ಕೈಗೆ ಗ್ಲೌಸು ಕೊಟ್ಟು ತಗೊಳ್ಳಿ. ನೋಟಿಸನ್ನ ಗೇಟಿಗೆ ಅಂಟಿಸಿ. ಪೊರಕೆ ಕೋಣೇಲಿ ಇನ್ಮುಂದೆ ಓದೋರು ಯಾರೂ ಇರಲ್ಲ."

ಎದ್ದು, ಕುರ್ಚಿಯನ್ನು ಮೇಜಿನ ಒಳಕ್ಕೆ ಸರಿಸಿ ಹೊರಟಳು. ಗುಮಾಸ್ತ ಬಾಗಿಲು ತೆರೆದು ನಿಂತ. "ನಿಧಾನ, ಮೆಟ್ಟಿಲು ನೋಡ್ಕೊಂಡು ಇಳೀರಿ" ಅಂದ. ಅಂದಮೇಲೆ ತಾನೇ ಬೆಚ್ಚಿದ.

ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಮೇಷ್ಟ್ರುಗಳು ಕಿಟಕಿ ಮುಚ್ಚಿ ಪಾಠ ಮಾಡಿದರು. ಮೂರನೇ ದಿನ ಗಾಳಿ ಹೆಡ್ ಮೇಷ್ಟ್ರ ಕೋಣೆಯ ಕಡೆ ಬೀಸಿತು. ಕೆಳಗಿನ ಓಣಿಯಿಂದ ತೊಳೆಯಲು ಒಬ್ಬರೂ ಹೋಗಲಿಲ್ಲ, ದುಪ್ಪಟ್ಟು ಕೂಲಿ ಅಂದರೂ ಹೋಗಲಿಲ್ಲ. ಐದನೇ ದಿನ ಗೇಟಿಗೆ ನೋಟಿಸು ಬಿತ್ತು. ಇಬ್ಬರು ಕಾಯಂ ನೌಕರರು ಬೇಕಾಗಿದ್ದಾರೆ. ಓಣಿಯವರು ಗುಂಪುಕಟ್ಟಿದ್ದರು, ಅಜ್ಜಿ ಗಟ್ಟಿಯಾಗಿ ಓದಿ ಹೇಳಿದಳು. ಸದಸ್ಯೆಯಾದ್ದರಿಂದ ತಾನು ಅರ್ಜಿ ಹಾಕುವಂತಿರಲಿಲ್ಲ. ಇಪ್ಪತ್ತಾರು ವರ್ಷ ಬೇಡಿದ ಕಾಗದ ಕೊನೆಗೂ ಹೊರಬಂತು, ಬೇರೆ ಇಬ್ಬರ ಕೈಗೆ ಹೋಯಿತು. ಹೊಟ್ಟೆ ಉರಿಯಿತು. ಆದರೆ ಆ ಇಬ್ಬರು ಕಾಗದ ಹಿಡಿದು ಅವಳ ಕಾಲಿಗೆ ಬಗ್ಗಲು ಬಂದಾಗ, "ಏಯ್, ಬಗ್ಗೋದು ಸಾಕು ಮಾಡ್ರೇ, ಸೊಂಟ ಉಳಿಸ್ಕೊಳ್ಳಿ" ಅಂತ ಬೈದಳು. ತಾನು ಮಗಳ ಕಾರ್ಖಾನೆಯಲ್ಲಿ ಬಟ್ಟೆ ಮಡಿಸುವ ಕೆಲಸಕ್ಕೆ ಸೇರಿದಳು. ಅಲ್ಲಿ ಸೋಪಿತ್ತು.

ಉಳಿದದ್ದು ಚೌಕಟ್ಟು. ನಿಯಮದ ಪ್ರಕಾರ ಏಳೂ ತುಂಬಬೇಕು. ಗುಮಾಸ್ತ ಮನೆಯವರೆಗೆ ಬಂದ.

"ಹಿನ್ನೆಲೆಗೆ ನೀವು ನಾಮಪತ್ರದಲ್ಲಿ ಬರೆದದ್ದು ಸ್ವಲ್ಪ ಒಂಥರಾ ಇದೆ ಅಜ್ಜಿ. ಸಮಾಜ ಸೇವಕಿ ಅಂತ ಹಾಕಿಸಲಾ?"

"ಬೇಡಪ್ಪ. ಬರೆದದ್ದೇ ಇರಲಿ."

ಸ್ವಲ್ಪ ದಿನದ ಮೇಲೆ ಮೊಮ್ಮಗಳು ಅಜ್ಜಿಯನ್ನು ಎಳೆದುಕೊಂಡು ಶಾಲೆಗೆ ಹೋದಳು. ಗೋಡೆಯ ಮೇಲೆ ಏಳು ಮುಖ. ಏಳನೆಯದರಲ್ಲಿ ಅಜ್ಜಿ ಕಣ್ಣು ಕಿರಿದು ಮಾಡಿ, ಫೋಟೋದವನನ್ನೇ ಬೈಯುವಂತೆ ನೋಡುತ್ತಿದ್ದಳು. ಹುಡುಗಿ ಬೆರಳಿಟ್ಟು ಓದಿದಳು.

"ಹಿನ್ನೆಲೆ: ಇಪ್ಪತ್ತಾರು ವರ್ಷ ಈ ಶಾಲೆಯ ಕಕ್ಕಸು ತೊಳೆದವರು. ಊರಿನ ನಂಟು: ಇಲ್ಲಿ ಓದಿದ ಪ್ರತಿಯೊಬ್ಬರ ಹೇಲು ಬಳಿದವರು."

ಪಕ್ಕದಲ್ಲಿ ಸಾಹುಕಾರರ ಗಾಜಿನ ಮೇಲೆ ಎರಡು ವಾರದ ಧೂಳು ಕೂತಿತ್ತು. ಮೂಗು, ಮೀಸೆ, ಎಲ್ಲರಿಗೂ ಬೇಕಾದವರು, ಎಲ್ಲ ಮಸುಕು. ಅಜ್ಜಿಯ ಕೈ ತಾನಾಗಿಯೇ ಸೆರಗಿನ ತುದಿ ಹಿಡಿದು ಮೇಲೆದ್ದಿತು, ಅರ್ಧಕ್ಕೆ ನಿಂತಿತು.

"ಇದನ್ನ ಇನ್ಮೇಲೆ ಯಾರು ಒರೆಸ್ತಾರೆ ಅಜ್ಜಿ?" ಕೇಳಿದಳು ಹುಡುಗಿ.

ಅಜ್ಜಿ ಸೆರಗು ಕೆಳಗೆ ಬಿಟ್ಟು ಸೊಂಟಕ್ಕೆ ಸಿಕ್ಕಿಸಿದಳು. "ಯಾರ ಮುಖ ಅವರು ಒರೆಸ್ಕೊಳ್ಳಲಿ ಅಂತ ಮುಂದಿನ ಸಭೇಲಿ ಹೇಳ್ತೀನಿ. ನಡಿ, ನಿನ್ನ ಮೊದಲ ಗಂಟೆ ಹೊಡೀತು."